ಬೀಳುವ ಕೆಲಸ

"ಬೀಳೋಕೂ ಬರಲ್ವೇನೇ ನಿಂಗೆ, ದರಿದ್ರದವಳೇ? ಕುರಿ ಮೇಕೆಗೂ ಬೀಳೋಕೆ ಬರುತ್ತೆ. ಏಳು ಮೇಲೆ! ಮತ್ತೆ ಬೀಳು!"

ಗಿಡ್ಡಿ ಎದ್ದಳು. ಬೆಳಗ್ಗೆ ಬಂದಾಗಿನಿಂದ ಬೀಳುವುದೇ ಅವಳ ಕೆಲಸ. ಪಕ್ಕಕ್ಕೆ ಬಿದ್ದಿದ್ದಳು, ಹಿಂದಕ್ಕೆ ಬಿದ್ದಿದ್ದಳು, ಮುಗ್ಗರಿಸಿ ಮೂಗು ನೆಲಕ್ಕೆ ತಾಗುವ ಹಾಗೆ ಬಿದ್ದಿದ್ದಳು. ಮೈಗಂಟಿದ ಕರಿ ಉಡುಪಿನೊಳಗೆ ಮೊಣಕೈ ತರಚಿ ಉರಿಯುತ್ತಿತ್ತು. ಆ ಉಡುಪಿಗೆ ಹೆಗಲಿಗೊಂದು, ಮಂಡಿಗೊಂದು, ಮಣಿಕಟ್ಟಿಗೊಂದು ಎಂದು ಗೋಲಿಯಂಥ ಬಿಳಿ ಗುಂಡುಗಳನ್ನು ಅಂಟಿಸಿದ್ದರು. ಶೆಡ್ಡಿನ ಸುತ್ತ ಎತ್ತರದಲ್ಲಿ ಕಟ್ಟಿದ್ದ ಕ್ಯಾಮೆರಾಗಳಿಗೆ ಮನುಷ್ಯರು ಕಾಣುವುದಿಲ್ಲ, ಆ ಗುಂಡುಗಳು ಮಾತ್ರ ಕಾಣುತ್ತವೆ. ಗಿಡ್ಡಿ ನಡೆದರೆ ಪರದೆಯ ಮೇಲೆ ವಿಡಿಯೋ ಗೇಮಿನ ಹೆಂಗಸೊಬ್ಬಳು ನಡೆಯುತ್ತಾಳೆ, ಗಿಡ್ಡಿ ಬಿದ್ದರೆ ಅವಳೂ ಬೀಳುತ್ತಾಳೆ. ಅವಳು ಎತ್ತರ, ಚೆಲುವೆ. ಅವಳಿಗೆ ಮೊಣಕೈ ಉರಿಯುವುದಿಲ್ಲ.

ಕೂಗುತ್ತಿದ್ದವನು ಮೇಸ್ತ್ರಿ. ಕಂಪನಿಯಲ್ಲಿ ಅವನಿಗೆ ನಾಲಿಗೆ ಹೊರಳದಂಥ ಉದ್ದನೆಯ ಹುದ್ದೆ ಇತ್ತು. ಆದರೆ ಗಿಡ್ಡಿಯಂಥ ಹೆಂಗಸರನ್ನೆಲ್ಲ ಕಟ್ಟಡದ ಕೆಲಸದಿಂದ ಇಲ್ಲಿಗೆ ಕರೆತಂದವನೇ ಅವನು. ಅಲ್ಲಿಯೂ ಹೀಗೇ ಕಿರುಚುತ್ತಿದ್ದ. ಅವರ ಪಾಲಿಗೆ ಅವನು ಮೇಸ್ತ್ರಿಯೇ. ಕಂಪನಿಯ ಯಜಮಾನರ ಹೊಸ ಗೇಮಿನಲ್ಲಿ ಕೋಟೆ ಕಟ್ಟಲು ಕಲ್ಲು ಹೊರುವ ಹೆಂಗಸರಿದ್ದರು. ಅವರು ಮೊದಲು ನಟಿಯರನ್ನು ಕರೆಸಿ ನೋಡಿ, ಕುತ್ತಿಗೆಯಲ್ಲಿ ಭಾರವೇ ಕಾಣುವುದಿಲ್ಲ, ಹೊರೆ ಹೊತ್ತು ಅಭ್ಯಾಸ ಇರುವವರನ್ನು ತನ್ನಿ ಎಂದಿದ್ದರಂತೆ.

"ಕೈ ಯಾಕೆ ನೆಲಕ್ಕೆ ಊರ್ತೀಯಾ?" ಮೇಸ್ತ್ರಿ ಹತ್ತಿರ ಬಂದು ಅವಳ ಕೈ ಹಿಡಿದು ಮೇಲಕ್ಕೆ ಜಗ್ಗಿದ. "ಕೈ ಎರಡೂ ತಲೆ ಮೇಲಿರಬೇಕು. ಬುಟ್ಟಿ ಹಿಡ್ಕೊಂಡೇ ಬೀಳಬೇಕು. ಗೊತ್ತಾಯ್ತಾ?"

ಗಿಡ್ಡಿ ಕೈ ಬಿಡಿಸಿಕೊಂಡಳು.

"ಹಂಗೆ ಯಾರು ಬೀಳ್ತಾರೆ ಮೇಸ್ತ್ರಿ?"

"ಯಾರೋ ಬೀಳ್ತಾರೆ. ನಿಂಗ್ಯಾಕೆ ಊರ ಉಸಾಬರಿ?"

"ಹಂಗೆ ಬಿದ್ದವಳು ನಮ್ಮಕ್ಕ. ಅವಳು ಮನೇಲಿ ಬಿದ್ದಳು ಅಂತ ಹೇಳ್ದವರು ನೀವೇ ಅಲ್ವಾ? ಮನೇಲಿ ಬಿದ್ದವಳ ಕೈ ಎಲ್ಲಿತ್ತು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ಒಂದು ಗಳಿಗೆ ಅಷ್ಟೇ. ಆಮೇಲೆ ಅವನ ಮುಖ ಕೆಂಪಾಯಿತು.

"ಬಾಯಿ ಉದ್ದ ಆಯ್ತು ನಿಂದು. ನಾಳೆ ತೀರ್ಪುಗಾರರು ಬರ್ತಿದ್ದಾರೆ. ಗೇಮ್ ಕಂಪನಿಗಳಲ್ಲಿ ಹೊಸದು ಮಾಡ್ತಿರೋರು ಯಾರು, ಎಲ್ಲರಿಗಿಂತ ಮುಂದೆ ಇರೋರು ಯಾರು ಅಂತ ಆರಿಸೋ ಜನ. ಅವರ ಮುಂದೆ ಕೋತಿ ಹಾಗೆ ಬಿದ್ದರೆ ಯಜಮಾನರು ನನ್ನ ಚರ್ಮ ಸುಲೀತಾರೆ. ನಾನು ನಿಂದು ಸುಲೀತೀನಿ. ಬೀಳೇ ಮುಂಡೇದೇ!"

ಗಿಡ್ಡಿ ಬಿದ್ದಳು. ಕೈ ಮತ್ತೆ ನೆಲಕ್ಕೇ ಹೋಯಿತು. ಅಕ್ಕ ಬಿದ್ದದ್ದನ್ನು ಕಂಡ ಮೇಲೆ ಅವಳ ಮೈ ಹೆದರಿಕೆ ಕಲಿತುಬಿಟ್ಟಿತ್ತು.

ಅಕ್ಕ ಬಿದ್ದ ಕಥೆ ಇಷ್ಟೇ. ಮೊದಮೊದಲು ಬುಟ್ಟಿಯಲ್ಲಿ ಥರ್ಮೋಕೋಲಿನ ಕಲ್ಲುಗಳಿದ್ದವು. ಯಜಮಾನರು ಪರದೆ ನೋಡಿ, ಹೂವಿನ ಬುಟ್ಟಿ ಹೊತ್ತ ಹಾಗಿದೆ ಎಂದರು. ನಿಜವಾದ ಕಲ್ಲು ಬಂತು. ನೆಲಕ್ಕೆ ಮೆತ್ತನೆಯ ಹಾಸು ಹಾಕಿದ್ದರು. ಪಾದ ಹೂತುಕೊಳ್ಳುತ್ತಿದೆ, ನಡಿಗೆ ಕೆಡುತ್ತಿದೆ ಎಂದರು. ಹಾಸು ಹೋಯಿತು. ಕೋಟೆಯ ಏರಿನ ಬದಲು ಓರೆಯಾಗಿ ಇಟ್ಟಿದ್ದ ಹಲಗೆಯನ್ನು ಅಕ್ಕ ಏರುತ್ತಿದ್ದಾಗ ಅದು ಜಾರಿತು. ಬುಟ್ಟಿ ಬಿಸಾಕಿ ಕೈ ಊರಿದ್ದರೆ ಅಂಗೈ ತರಚಿಕೊಂಡು ಎದ್ದುಬಿಡುತ್ತಿದ್ದಳು. ಆದರೆ ಕಟ್ಟಡದಲ್ಲಿ ಹೊರೆ ಚೆಲ್ಲಿದವಳಿಗೆ ಆವತ್ತಿನ ಕೂಲಿ ಇಲ್ಲ. ಲಂಗ ಉಡುವ ವಯಸ್ಸಿನಿಂದ ಹೊತ್ತ ಮೈ ಅದು; ಬೀಳುವಾಗಲೂ ಕೈ ಬುಟ್ಟಿಗೇ ಹೋಗುತ್ತದೆ. ಎರಡೂ ಕೈ ಮೇಲಿದ್ದಾಗ ಅಕ್ಕನ ಸೊಂಟ ನೆಲಕ್ಕೆ ಬಡಿಯಿತು. ಹಿಂದೆಯೇ ಬರುತ್ತಿದ್ದ ಗಿಡ್ಡಿಗೆ ಆ ಸದ್ದು ಕೇಳಿಸಿತು.

ಮಾರನೆಯ ದಿನ ಹಾಸು ವಾಪಸು ಬಂತು, ಕಲ್ಲು ಮಾಯವಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಆವತ್ತು ಕ್ಯಾಮೆರಾಗಳ ಯಂತ್ರವೇ ಓಡುತ್ತಿರಲಿಲ್ಲ, ಕೆಲಸ ಮುಗಿದಿತ್ತು, ಅವಳು ಮನೆಗೆ ಹೋಗಿ ಬಚ್ಚಲಲ್ಲಿ ಜಾರಿದಳು ಎಂದು ಕಂಪನಿ ಕೈ ತೊಳೆದುಕೊಂಡಿತು.

ಸಂಜೆ ಗಿಡ್ಡಿ ಮನೆಗೆ ಬಂದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಕೆಳಗಿನ ಬಟ್ಟೆ ಬದಲಿಸುವುದು ಗಿಡ್ಡಿಯ ಕೆಲಸ. ಹೊರಳಿಸುವಾಗ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದಳು.

"ಡಾಕ್ಟರು ಬಂದಿದ್ರೇನೇ?"

"ಬಂದಿದ್ರು. ಬೇಗ ಆಪರೇಷನ್ ಆದ್ರೆ ಓಡಾಡ್ತೀಯಾ, ತಡ ಆದ್ರೆ ಹಾಸಿಗೇನೇ ಗತಿ ಅಂದ್ರು." ಅಕ್ಕ ಸೂರು ನೋಡುತ್ತಿದ್ದಳು. "ಮೇಸ್ತ್ರಿ ಏನಂದ?"

"ಇನ್ನೇನಂತಾನೆ, ಅವನ ತಲೆ. ಬಿದ್ದವರಿಗೆ ಆಳಿಗೊಂದು ಕಲ್ಲು."

"ಒಂದು ಕಲ್ಲೂ ಚೆಲ್ಲಿರಲಿಲ್ಲ ಕಣೇ ನಾನು," ಎಂದಳು ಅಕ್ಕ. ಈಗಲೂ ಅವಳ ದನಿಯಲ್ಲಿ ಒಂದು ಹೆಮ್ಮೆ ಇತ್ತು. "ಬಿದ್ದ ಮೇಲೂ ಬುಟ್ಟಿ ನನ್ನ ಕೈಯಲ್ಲೇ ಇತ್ತು."

"ಹೂಂ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನು."

ಅಕ್ಕನಿಗೆ ನಗು ಬಂತು. ನಕ್ಕರೆ ಸೊಂಟ ಹಿಡಿಯಿತು. ಅಯ್ಯೋ ಅಯ್ಯೋ ಎನ್ನುತ್ತಲೇ ನಕ್ಕಳು. ಆಮೇಲೆ ಸುಮ್ಮನಾಗಿ, "ನಂಗೆ ಎದ್ದು ನಿಲ್ಲಬೇಕು ಕಣೇ ಗಿಡ್ಡಿ. ಒಂದ್ಸಲ ನಿಂತ್ಕೊಂಡ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದಳು. ಗಿಡ್ಡಿ ಒಲೆ ಹಚ್ಚುವ ನೆವದಲ್ಲಿ ಎದ್ದು ಹೋದಳು.

ಮರುದಿನ ಶೆಡ್ಡಿನ ಒಂದು ಬದಿಗೆ ಮೆತ್ತನೆಯ ಕುರ್ಚಿಗಳು ಬಂದಿದ್ದವು. ಬಾಗಿಲು ಎದುರು ಬದಿಯಲ್ಲಿತ್ತು, ನಡುವೆ ಹೆಂಗಸರು ಕೆಲಸ ಮಾಡುವ ನೆಲ. ತೀರ್ಪುಗಾರರು ಬಂದು ಕೂತರು. ಹೆಂಗಸರು ಕರಿ ಉಡುಪು ತೊಟ್ಟು ಗೋಡೆಗೆ ಒರಗಿ ನಿಂತರು. ಅವರ ಪೈಕಿ ಬಾಯಿಬಡುಕಿ ಎಂದೇ ಹೆಸರಾದವಳು ಗಿಡ್ಡಿಯ ಕಿವಿಯಲ್ಲಿ, "ನೋಡೇ, ಯಜಮಾನರು ಮದುಮಗನ ಹಾಗೆ ಬೆವರ್ತಿದ್ದಾರೆ," ಎಂದಳು.

ಯಜಮಾನರು ಮಾತು ಶುರುಮಾಡಿದರು. "ನೀವು ಬೇರೆ ಕಂಪನಿಗಳನ್ನೆಲ್ಲ ನೋಡ್ಕೊಂಡು ಬಂದಿದ್ದೀರಿ. ಒಬ್ಬರು ತಾನಾಗೇ ಮಾತಾಡೋ ಬೊಂಬೆ ತೋರಿಸಿರ್ತಾರೆ, ಇನ್ನೊಬ್ಬರು ತಾನಾಗೇ ಬೆಳೆಯೋ ಪಟ್ಟಣ. ಬಾಡಿಗೆ ಕೋಣೇಲಿ ನಾಲ್ಕು ಸ್ನೇಹಿತರು ಕೂತು ಮಾಡಿದ ಪುಟ್ಟ ಆಟಗಳನ್ನೂ ನೋಡಿರ್ತೀರಿ. ಒಳ್ಳೇದೇ. ಆದರೆ ಅವರ ಗೇಮಲ್ಲಿ ಮನುಷ್ಯ ಬಿದ್ದರೆ ಮೂಟೆ ಬಿದ್ದ ಹಾಗೆ ಬೀಳ್ತಾನೆ. ನಮ್ಮಲ್ಲಿ ನೋಡಿ."

ಪರದೆ ಬೆಳಗಿತು. ಕೋಟೆಯ ಇಳಿಜಾರಿನಲ್ಲಿ ಆ ಚೆಲುವೆ ಕಲ್ಲಿನ ಬುಟ್ಟಿ ಹೊತ್ತು ಏರುತ್ತಿದ್ದಳು. ಎಡಗಾಲು ಸ್ವಲ್ಪ ಹೊರಕ್ಕೆ ಇಡುವ ನಡಿಗೆ. ಗಿಡ್ಡಿ ಆ ನಡಿಗೆಯ ಹಿಂದೆ ಹುಟ್ಟಿದಾಗಿನಿಂದ ನಡೆದಿದ್ದಳು. ಕಾಲು ಜಾರಿತು. ಎರಡು ಕೈಗಳು ತಲೆಯ ಮೇಲಿನ ಬುಟ್ಟಿಯನ್ನು ಬಿಗಿಯಾಗಿ ಹಿಡಿದವು. ಸೊಂಟ ನೆಲಕ್ಕೆ ಬಡಿಯಿತು. ಸದ್ದಿರಲಿಲ್ಲ.

ಚಪ್ಪಾಳೆ ಬಿತ್ತು.

"ಇನ್ನೊಮ್ಮೆ," ಎಂದರು ಒಬ್ಬ ತೀರ್ಪುಗಾರರು. ಅಕ್ಕ ಇನ್ನೊಮ್ಮೆ ಬಿದ್ದಳು. "ನಿಧಾನಕ್ಕೆ ತೋರಿಸಿ." ಅಕ್ಕ ನಿಧಾನಕ್ಕೆ ಬಿದ್ದಳು. ಯಂತ್ರ ಓಡುತ್ತಿರಲಿಲ್ಲವಂತೆ! ಬಚ್ಚಲಲ್ಲಿ ಜಾರಿದಳಂತೆ!

"ಅದ್ಭುತ. ಆ ಕೈಗಳು ಮೇಲೆ ಹೋಗೋದು..." ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಕೇಳಿದಳು, "ಯಾರಿಗೆ ಹೊಳೀತು ಇದು?"

"ನಮ್ಮ ಹುಡುಗರಿಗೆ," ಎಂದರು ಯಜಮಾನರು, ಕಂಪ್ಯೂಟರಿನ ಮುಂದೆ ಕೂತಿದ್ದ ಕನ್ನಡಕದವನತ್ತ ಕೈ ತೋರಿಸಿ. "ಎಲ್ಲ ಲೆಕ್ಕಾಚಾರ. ಇದಕ್ಕಾಗಿ ಯಾರೂ ಬಿದ್ದಿಲ್ಲ." ಕನ್ನಡಕದವನು ತಲೆ ಎತ್ತಲಿಲ್ಲ.

"ಬಿದ್ದ ಮೇಲೆ ಹೇಗೆ ಏಳ್ತಾಳೆ? ಅದನ್ನೂ ತೋರಿಸಿ."

ಯಜಮಾನರು ಕನ್ನಡಕದವನನ್ನು ನೋಡಿದರು. ಅವನು ಮೆಲ್ಲಗೆ, "ಏಳೋದು ಇಲ್ಲ ಸಾರ್," ಎಂದ.

ಯಜಮಾನರು ನಕ್ಕು ಮಾತು ಹಾರಿಸಿದರು. "ಅದನ್ನ ನಿಮ್ಮ ಕಣ್ಣೆದುರೇ ಮಾಡಿಸ್ತೀವಿ." ಮೇಸ್ತ್ರಿ ಗಿಡ್ಡಿಯ ಬೆನ್ನಿಗೆ ತಿವಿದ. "ಹೋಗು. ಅದೇ ಥರ ಬಿದ್ದು, ಏಳು. ಎಡವಟ್ಟು ಮಾಡಿದ್ಯೋ, ನೋಡ್ಕೋ."

ಗಿಡ್ಡಿ ನಡುವೆ ಹೋಗಿ ಎರಡೂ ಕೈ ಅಗಲಕ್ಕೆ ಚಾಚಿ ನಿಂತಳು. ಯಾವ ಕೆಲಸಕ್ಕೂ ಮೊದಲು ಹೀಗೆ ನಿಲ್ಲಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಹೆಂಗಸರು ಅದನ್ನು ಬೆದರುಬೊಂಬೆ ನಿಲ್ಲುವುದು ಎನ್ನುತ್ತಿದ್ದರು. ಪರದೆಯ ಮೇಲೆ ಚೆಲುವೆಯೂ ಕೈ ಚಾಚಿದಳು. ಗಿಡ್ಡಿ ಖಾಲಿ ಬುಟ್ಟಿ ಹೊತ್ತು ಹಲಗೆ ಏರಿದಳು, ಬಿದ್ದಳು. ಈ ಸಲ ಕೈ ನೆಲ ಹುಡುಕಲಿಲ್ಲ, ತಲೆಯ ಮೇಲೆಯೇ ಇತ್ತು. ಹಾಸು ಇದ್ದರೂ ಸೊಂಟದಿಂದ ತಲೆಯವರೆಗೆ ಝುಮ್ಮೆಂದಿತು.

"ಹಾಂ. ಈಗ ಏಳು," ಎಂದರು ಯಜಮಾನರು.

ಗಿಡ್ಡಿ ಏಳಲಿಲ್ಲ.

"ಏಳಮ್ಮ."

"ನಮ್ಮಕ್ಕ ಎದ್ದಿರಲಿಲ್ಲ ಸಾಹೇಬ್ರೇ." ಮಲಗಿದಲ್ಲಿಂದಲೇ ಅವಳು ಗಟ್ಟಿಯಾಗಿ ಹೇಳಿದಳು. "ನೀವು ತೋರಿಸಿದ್ದು ನಮ್ಮಕ್ಕ ಬಿದ್ದಿದ್ದು. ಇದೇ ಶೆಡ್ಡು, ಇದೇ ಹಲಗೆ. ಬುಟ್ಟೀಲಿ ನಿಜವಾದ ಕಲ್ಲಿತ್ತು. ಸೊಂಟ ಮುರ್ಕೊಂಡು ಮಲಗಿದ್ದಾಳೆ. ಅವಳನ್ನ ಆಸ್ಪತ್ರೆಗೆ ಸೇರಿಸಿ ಎಬ್ಬಿಸಿ. ಆಮೇಲೆ ನಾನೂ ಏಳ್ತೀನಿ."

"ಸುಸ್ತಾಗಿದಾಳೆ ಪಾಪ, ಏನೋ ಮಾತಾಡ್ತಾಳೆ," ಎಂದು ಯಜಮಾನರು ತೀರ್ಪುಗಾರರತ್ತ ನಕ್ಕರು. ಮೇಸ್ತ್ರಿ ಓಡಿಬಂದ. "ಏಳೇ ಬೇವರ್ಸಿ! ಅನ್ನಕ್ಕೆ ಕಲ್ಲು ಹಾಕ್ತೀಯಾ?" ಎಂದು ಹಲ್ಲು ಕಡಿಯುತ್ತ ಅವಳ ರಟ್ಟೆ ಹಿಡಿದು ಎಳೆದ.

ಮೇಸ್ತ್ರಿಯ ಮೈಮೇಲೆ ಬಿಳಿ ಗುಂಡುಗಳಿರಲಿಲ್ಲ. ಕ್ಯಾಮೆರಾಗಳಿಗೆ ಅವನು ಕಾಣಲಿಲ್ಲ. ಪರದೆಯ ಮೇಲೆ ಚೆಲುವೆಯ ತೋಳು ತಾನಾಗಿಯೇ ಮೇಲೆದ್ದಿತು, ಭುಜ ತಿರುಚಿಕೊಂಡಿತು, ಕಣ್ಣಿಗೆ ಕಾಣದ ಯಾವುದೋ ಅವಳನ್ನು ಕೋಟೆಯ ಕಲ್ಲುಗಳ ಮೇಲೆ ದರದರನೆ ಎಳೆಯತೊಡಗಿತು. ತೀರ್ಪುಗಾರರಲ್ಲಿ ಯಾರೋ ಇದೂ ಗೇಮಿನ ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು.

"ಬಿಡೋ ಅವಳನ್ನ, ಬೋಳಿಮಗನೇ!"

ಬಾಯಿಬಡುಕಿ ಗೋಡೆ ಬಿಟ್ಟು ಬಂದಳು. ನಡುವೆ ನಿಂತು ಕೈ ಚಾಚಿದಳು. ಪರದೆಯ ಮೇಲೆ ಇನ್ನೊಬ್ಬಳು ಹುಟ್ಟಿದಳು. ಬಾಯಿಬಡುಕಿ ಎರಡೂ ಕೈ ತಲೆಯ ಮೇಲಿಟ್ಟು ದೊಪ್ಪನೆ ಬಿದ್ದಳು. ಆಮೇಲೆ ಅವಳ ಹಿಂದಿನವಳು. ಆಮೇಲೆ ಗೋಡೆಯ ಪಕ್ಕ ಇದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, ಬೆದರುಬೊಂಬೆ ನಿಂತು, ಯಂತ್ರಕ್ಕೆ ಗುರುತು ಕೊಟ್ಟು ಬಿದ್ದರು. ಮೇಸ್ತ್ರಿ ಗಿಡ್ಡಿಯ ರಟ್ಟೆ ಬಿಟ್ಟು, ಯಾರನ್ನು ಎಳೆಯುವುದೆಂದು ತಿಳಿಯದೆ ನಿಂತ. ಗಿಡ್ಡಿ ಆ ಕೈಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡಳು. ಕೋಟೆಯ ಇಳಿಜಾರಿನ ತುಂಬ ಹೆಂಗಸರು ಬಿದ್ದುಕೊಂಡಿದ್ದರು. ಒಬ್ಬಳೂ ಏಳಲಿಲ್ಲ.

"ಪರದೆ ಆರಿಸು!" ಯಜಮಾನರು ಕಿರುಚಿದರು. ಕನ್ನಡಕದವನು ಎರಡೂ ಕೈಯನ್ನು ತೊಡೆಯ ನಡುವೆ ಅದುಮಿಕೊಂಡು ಕೂತೇ ಇದ್ದ. "ಕಿವುಡೇನೋ ನಿಂಗೆ? ಆರಿಸು!" ಕೊನೆಗೆ ಅವರೇ ಹೋಗಿ ತಂತಿ ಕಿತ್ತರು.

ಪರದೆ ಕಪ್ಪಾಯಿತು. ನೋಡಲು ಬೇರೇನೂ ಇಲ್ಲದೆ ತೀರ್ಪುಗಾರರು ನೆಲದ ಕಡೆ ನೋಡಿದರು.

"ಬನ್ನಿ, ಊಟಕ್ಕೆ ಹೋಗೋಣ. ಆ ಕಡೆ ವ್ಯವಸ್ಥೆ ಆಗಿದೆ," ಎಂದು ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು. ಬಾಗಿಲಿಗೆ ಹೋಗಲು ಮಲಗಿದವರನ್ನು ದಾಟಬೇಕಿತ್ತು. ಅವರೇ ಮೊದಲು ಪ್ಯಾಂಟು ಎತ್ತಿ ಹಿಡಿದು ಬಾಯಿಬಡುಕಿಯನ್ನು ದಾಟಿದರು. ಒಂದಿಬ್ಬರು ಅವರ ಹಿಂದೆ ದಾಟಿದರು. ಪ್ರಶ್ನೆ ಕೇಳಿದ್ದ ಹೆಂಗಸು ಗಿಡ್ಡಿಯ ಹತ್ತಿರ ಬಂದು ಒಂದು ಕಾಲು ಎತ್ತಿದಳು. ಕೆಳಗಿಡಲು ಜಾಗ ಹುಡುಕುತ್ತ ಹಾಗೇ ನಿಂತಳು.

ಗಿಡ್ಡಿಯ ರಟ್ಟೆ ನೋಯುತ್ತಿತ್ತು. ಅವಳು ತಲೆಯ ಮೇಲಿನ ಕೈ ಇಳಿಸಲಿಲ್ಲ.