ಹಿಮ ಬಿದ್ದ ಬೆಳಿಗ್ಗೆ, ಹಾಲಮ್ಮನ ಬಿಸಿನೀರು

ನಾನು ಪಿಯೋನಿ ಗಿಡ. ಗುಲಾಬಿ ಅಂದುಕೊಂಡು ಮಾತಾಡಿಸುವವರ ಕಡೆ ನಾನು ತಿರುಗಿಯೂ ನೋಡುವುದಿಲ್ಲ. ಬೀಜದಿಂದ ಹುಟ್ಟಿದವಳಲ್ಲ ನಾನು. ಕೆನಡಾದ ಎಡ್ಮಂಟನ್‌ನಲ್ಲಿ ಓಲ್ಗಾ ಎಂಬಾಕೆ ತನ್ನ ತಾಯಿ ಬೆಳೆಸಿದ್ದ ಗಿಡದ ಗೆಡ್ಡೆಯನ್ನು ಅಡುಗೆಮನೆಯ ಚಾಕುವಿನಿಂದ ಸೀಳಿ, ಒಂದು ತುಂಡನ್ನು ಬಾಗಿಲ ಪಕ್ಕ ಹೂತಳು. ಆ ತುಂಡೇ ನಾನು. ಹೂಬಿಟ್ಟಾಗೆಲ್ಲ ಅವಳೂ, ಅಂಚೆಯವನೂ, ಕಂಡಕಂಡವರೂ ಬಂದು ನನ್ನ ಮುಖಕ್ಕೆ ಮೂಗು ತುರುಕಿ ಸೀನುತ್ತಿದ್ದರು. ಪರಿಮಳ ಸಿಕ್ಕರೆ ಸಾಕು, ಮನುಷ್ಯರು ಮರ್ಯಾದೆ ಮರೆಯುತ್ತಾರೆ.

ಓಲ್ಗಾ ಸತ್ತ ಮೇಲೆ ಮನೆಯನ್ನು ದಾವಣಗೆರೆ ಕಡೆಯ ಬಸ್ ಡ್ರೈವರ್ ಗುರುಸಿದ್ದಪ್ಪ, ಅವನ ಹೆಂಡತಿ ಶಾಂಭವಿ ಕೊಂಡರು. ಗೋಡೆಗೆ ಒರಗಿಸಬೇಕಾದ ಸೈಕಲ್ಲನ್ನು ನನ್ನ ಮೇಲೆ ಕೆಡವುವ ಜನ. ಇಂಥವರ ಕೈಗೆ ಬಿದ್ದೆನಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಚಳಿಗಾಲಕ್ಕೆ ಮುಂಚೆ ಗುರುಸಿದ್ದಪ್ಪನ ತಾಯಿ ಹಾಲಮ್ಮ ಬಂದಳು. ದಿನವೂ ನನ್ನ ಪಕ್ಕದ ಕಿಟಕಿಯ ಬಳಿ ಕೂತು, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡುತ್ತಿದ್ದಳು. ಅಂಗಡಿಯ ಹೂವು ತಂದರೆ ಮುಟ್ಟುತ್ತಿರಲಿಲ್ಲ.

"ಯಾರ್ಯಾರು ಮೂಸಿರ್ತಾರೋ ಏನೋ. ಎಂಜಲು ಹೂವು ಲಿಂಗಕ್ಕೆ ಬ್ಯಾಡ," ಅನ್ನುತ್ತಿದ್ದಳು.

ಹಾಗಾಗಿ ಚಳಿಗಾಲವೆಲ್ಲ ಬರೀ ನೀರು, ವಿಭೂತಿ. ಮೇ ತಿಂಗಳಲ್ಲಿ ನನ್ನ ಮೊಗ್ಗು ಕಂಡವಳೇ ಸೊಸೆಯನ್ನು ಕರೆದಳು. "ನಾನು ಊರಿಗೆ ಹೋಗೋದ್ರೊಳಗೆ ಈ ಮನೆ ಮಣ್ಣಿನ ಒಂದು ಹೂವಾದ್ರೂ ಲಿಂಗಕ್ಕೆ ಏರಿಸ್ಬೇಕು."

ತಿಂಗಳ ಕೊನೆಗೆ, ಎಲ್ಲರೂ ಕೋಟು ಒಳಗಿಟ್ಟ ಮೇಲೆ, ಹಿಮ ಬಿತ್ತು. ಬೆಳಿಗ್ಗೆ ನನ್ನ ದಂಟುಗಳು ಹೆಪ್ಪುಗಟ್ಟಿ ನೆಲಕ್ಕೆ ಬಾಗಿದ್ದವು. ಇದೇನೂ ನನಗೆ ಹೊಸದಲ್ಲ. ಬಿಸಿಲೇರುವ ತನಕ ಸುಮ್ಮನೆ ಬಿಟ್ಟರೆ ನಾನೇ ಎದ್ದು ನಿಲ್ಲುತ್ತೇನೆ. ಸುಮ್ಮನಿರುವುದನ್ನು ಈ ಜನಕ್ಕೆ ಕಲಿಸುವವರು ಯಾರು? ಹಾಲಮ್ಮ ಬಕೆಟ್ ತುಂಬ ಸ್ನಾನದ ಬಿಸಿನೀರು ಹೊತ್ತು ಬಂದಳು.

"ಅತ್ತೆ, ಏನ್ ಮಾಡ್ತಿದೀರಿ?" ಶಾಂಭವಿ ಬಾಗಿಲಲ್ಲಿ ನಿಂತು ಕೇಳಿದಳು.

"ಕೂಸಿಗೆ ಚಳಿ ಹಿಡ್ದೈತವ್ವ. ಮೈಗೆ ಬಿಸಿನೀರು ಬಿದ್ರೆ ಸರಿಹೋಗ್ತೈತೆ."

ಕೂಸಂತೆ, ಕೂಸು! ನನಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ. ಬಾಣಂತಿಗೆ ಎರೆದ ಹಾಗೆ ತಂಬಿಗೆ ತಂಬಿಗೆ ಎರೆದಳು. ಮಧ್ಯಾಹ್ನದ ಹೊತ್ತಿಗೆ ನೀರು ಬಿದ್ದ ಮೊಗ್ಗುಗಳೆಲ್ಲ ಬೆಂದು ಕಪ್ಪಾದವು. ಗೋಡೆಯ ಮೂಲೆಯ ಒಂದೇ ದಂಟಿಗೆ ನೀರು ಸಾಲದೆ ಹೋಗಿತ್ತು. ಅದು ತಾನಾಗಿ ಎದ್ದು ನಿಂತಿತು.

"ನಾನೇ ಕೈಯಾರೆ ಹಾಳು ಮಾಡಿದ್ನಲ್ಲೋ ಯಪ್ಪಾ," ಎಂದು ಹಾಲಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. ನನಗೆ ಚೂರೂ ಕನಿಕರ ಬರಲಿಲ್ಲ.

ಅವಳು ಊರಿಗೆ ಹೊರಡುವ ಬೆಳಿಗ್ಗೆ ಆ ದಂಟಿನ ಒಂದು ಮೊಗ್ಗು ಅರಳಿತು. ಹಾಲಮ್ಮ ಸ್ನಾನ ಮಾಡಿ ಬಂದು ಬಗ್ಗಿದಳು. ಇನ್ನೇನು, ಇವಳ ಮೂಗೂ ಬಂತು ಅಂದುಕೊಂಡೆ. ಬರಲಿಲ್ಲ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಇರುವೆ ಕೊಡವಿ, ಮೆಲ್ಲಗೆ ಕಿತ್ತಳು. ಕಿಟಕಿಯಾಚೆ ಅವಳ ಅಂಗೈಯಲ್ಲಿ ನನ್ನ ಹೂವು ಕೂತಾಗ ಲಿಂಗವೇ ಕಾಣುತ್ತಿರಲಿಲ್ಲ.

ಈಗ ನಾನು ಮುದಿ ಗಿಡ. ಹಾಲಮ್ಮ ಮತ್ತೆ ಬರಲಿಲ್ಲ. ಹಿಮ ಬಿದ್ದರೆ ಬಿಸಿನೀರು ತರುವ ದಡ್ಡರು ಯಾರೂ ಇಲ್ಲ, ಹಾಗಾಗಿ ಮೊಗ್ಗುಗಳು ಉಳಿಯುತ್ತವೆ. ಜೂನ್ ಬಂದರೆ ಮೈತುಂಬ ಅರಳುತ್ತೇನೆ. ಬಂದವರೆಲ್ಲ ಮೂಸುತ್ತಾರೆ, ಹೊಗಳುತ್ತಾರೆ, ಸೀನುತ್ತಾರೆ. ಆ ಹೂವಷ್ಟೂ ಎಂಜಲು.