ಗೋಪಣ್ಣ ತಳ್ಳಿಕೊಂಡು ಹೋದ ಗಾಡಿ

ಚೈನು ಕಟಕಟ ಅನ್ನುತ್ತಿದೆ, ಸಡಿಲಾಗಿದೆ, ಬಿಗಿಯಬೇಕಿತ್ತು, ಇನ್ನದನ್ನು ಬಿಗಿಯುವ ಕೈ ಯಾರದೋ — ಗೋಪಣ್ಣ ಕೆಟ್ಟ ಮೋಟರ್‌ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದಾನೆ, ಹೆಗಲ ಮೇಲಿನ ಟಾವೆಲ್ಲು ಜಾರಿದರೂ ಎತ್ತಿಕೊಳ್ಳುತ್ತಿಲ್ಲ, ಹಿಂದೆ ತಿರುಗಿ ನೋಡುತ್ತಿಲ್ಲ, ಮಹಬೂಬಸಾಬ ಬೇವಿನ ಮರದ ಕೆಳಗೆ ತನ್ನ ಪಾನಾ, ತಿರುಪುಳಿಗಳ ನಡುವೆ ನಿಂತೇ ಇದ್ದಾನೆ, ಕುಳಿತರೆ ಕೂಡುರಸ್ತೆ ಕಾಣುವುದಿಲ್ಲ. ಅಲ್ಲಿ ಎಡಕ್ಕೆ ಹೊರಳಿದರೆ ಬೆಟಗೇರಿಯ ನೇಕಾರರ ಓಣಿ, ಗೋಪಣ್ಣನ ಮನೆ. ಬಲಕ್ಕೆ ಹೊರಳಿದರೆ ಗದಗಿನ ಬಸ್‌ಸ್ಟ್ಯಾಂಡು, ಅದರೆದುರು ಮಾಶಾಕನ ಅಂಗಡಿ — ಮಹಬೂಬಸಾಬನ ಸ್ವಂತ ತಮ್ಮ, ಇದೇ ಮರದ ಕೆಳಗೆ ಕೆಲಸ ಕಲಿತವನು, ಹುಬ್ಬಳ್ಳಿಗೆ ಹೋಗಿ ಜಪಾನಿ ಗಾಡಿಗಳ ಟ್ರೇನಿಂಗ್ ಮುಗಿಸಿ ಬಂದು ಗಾಜಿನ ಬಾಗಿಲು ಹಾಕಿಸಿಕೊಂಡವನು. ಎಡಕ್ಕೆ ಹೋಗು ಗೋಪಣ್ಣ. ಗಾಡಿ ಮನೆಯಲ್ಲಿ ನಿಲ್ಲಿಸು, ಮೇಲೆ ಚಾದರ ಹೊಚ್ಚು, ಎರಡು ದಿನ ಬೈಕೋ, ನಿನ್ನ ಹೆಂಡತಿ ಬನಶಂಕರೆವ್ವನೂ ಬೈಯಲಿ, ಆಮೇಲೆ ಮತ್ತೆ ಇಲ್ಲಿಗೇ ಬಾ. ಬಲಕ್ಕೆ ಹೋದರೆ ಮುಗಿಯಿತು, ಮಾಶಾಕ ಆ ಕರಿ ಡಬ್ಬಿಯನ್ನು ಒಮ್ಮೆ ನೋಡಿದರೆ ಸಾಕು, ಯಾರು ಸುಟ್ಟರು, ಹೇಗೆ ಸುಟ್ಟರು, ಎಲ್ಲ ಹೇಳಿಬಿಡುತ್ತಾನೆ. ಇದ್ದೊಬ್ಬ ಗಿರಾಕಿ ಗೋಪಣ್ಣ. ಉಳಿದವರೆಲ್ಲ ಎಂದೋ ಗಾಜಿನ ಬಾಗಿಲಿಗೆ ಹೋದರು, ಹಾಳಾಗಿ ಹೋಗಲಿ.

ಡಬ್ಬಿ ಅಂದರೆ ಎಷ್ಟು, ಬೆಂಕಿಪೊಟ್ಟಣದಷ್ಟು, ಸುತ್ತ ಅರಗಿನಂಥದೇನೋ ಹೊಯ್ದು ಮುಚ್ಚಿದ್ದಾರೆ, ತಿರುಪಿಲ್ಲ, ಬಿರುಕಿಲ್ಲ, ಒಳಗೇನಿದೆ ಎಂದು ಮಾಡಿದವನಿಗೇ ಗೊತ್ತು, ಆದರೆ ಇಂಜಿನ್ನು ಅದರ ಮಾತೇ ಕೇಳುತ್ತದಂತೆ, ಯಾವಾಗ ಕಿಡಿ ಕೊಡಬೇಕು ಎಂದು ಅದೇ ಹೇಳುತ್ತದಂತೆ. ಮೊದಲು ಹಾಗಿತ್ತೇ? ಮುಂಡರಗಿಯಿಂದ, ಶಿರಹಟ್ಟಿಯಿಂದ ದೊಡ್ಡ ದೊಡ್ಡ ಫಟಫಟಿಗಳನ್ನು ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಬರುತ್ತಿದ್ದರು, ಮಹಬೂಬಸಾಬ ಕಿಡಿ ಕೊಡುವ ಪಾಯಿಂಟು ಉಜ್ಜಿ, ಸಿಗರೇಟಿನ ಹಾಳೆ ನಡುವೆ ತೂರಿಸಿ ಸಂದು ನೋಡಿ, ಕೊನೆಗೆ ಪ್ಲಗ್ಗಿನ ವೈರು ಕಿತ್ತು ಇಂಜಿನ್ನಿನಿಂದ ಒಂದು ಬೆರಳು ದೂರ ಹಿಡಿದು, ಹೊಡೀರಿ ಕಿಕ್ಕು ಅನ್ನುತ್ತಿದ್ದ, ಕಿಡಿ ಚಟ್ಟೆಂದು ಹಾರುತ್ತಿತ್ತು, ಇನ್ನಷ್ಟು ದೂರ ಹಿಡಿದರೂ ಹಾರುತ್ತಿತ್ತು, ನಿಂತ ಜನ ಹೋ ಅನ್ನುತ್ತಿದ್ದರು, ಎಷ್ಟು ದೂರ ಜಿಗಿಯಿತೋ ಅಷ್ಟು ಗಾಡಿಗೆ ಆಯುಷ್ಯ, ಇದು ಅಪ್ಪ ಶೇಖಸಾಬ ಲಕ್ಷ್ಮೇಶ್ವರದಲ್ಲಿ ಕಲಿಸಿದ ಲೆಕ್ಕ, ಕಿಡಿ ತೋರಿಸದೆ ಗಾಡಿ ಕೊಟ್ಟರೆ ಅದು ರಿಪೇರಿಯೇ ಅಲ್ಲ. ಆದರೆ ಮಾಶಾಕ ಹೇಳಿದ್ದನಲ್ಲ — ಬೇಡ, ಅದು ನೆನಪಾಗುವುದು ಬೇಡ — ಹೇಳಿದ್ದ, ಈದ್ ದಿನ, ಎಲ್ಲರೂ ಊಟಕ್ಕೆ ಕುಳಿತಾಗ, ಭಾಯ್, ಹೊಸ ಗಾಡ್ಯಾಗ ಹಂಗ ವೈರ್ ಬಿಚ್ಚಿ ದೂರ ಹಿಡೀಬ್ಯಾಡ, ಕಿಡಿಗೆ ಹೋಗಾಕ ದಾರಿ ಸಿಗಲಿಲ್ಲಂದ್ರ ತಿರುಗಿ ಡಬ್ಬ್ಯಾಗ ಹೊಕ್ಕು ಸುಡತೈತಿ. ಮಹಬೂಬಸಾಬ ತಟ್ಟೆ ಸರಿಸಿ ಎದ್ದಿದ್ದ, ನಿನ್ನ ಕೈಗೆ ಪಾನಾ ಕೊಟ್ಟಾಂವ ನಾನಲೇ, ನನಗ ಕಲಸಾಕ ಬಂದಿಯೇನು? ಹೆಂಡತಿ ಶಮಶಾದಬಿ ರಾತ್ರಿ ಅಂದಳು, ತಮ್ಮನ ಮಾತು ಕೇಳಿದ್ರ ನಿಮ್ಮ ಮೂಗೇನು ಸವೀತಿತ್ತೇನ್ರಿ? ಅವಳಿಗೇನು ಗೊತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಅವಳೂ ಅಂದಳು, ಅವಳ ತಾಯಿಯೂ ಅಂದಿರಬೇಕು, ಊರೇ ಅನ್ನುತ್ತಿರಬೇಕು.

ಕೂಡುರಸ್ತೆಯಲ್ಲಿ ಹತ್ತಿಯ ಅಂಡಿಗೆ ಹೇರಿದ ಲಾರಿಯೊಂದು ನಿಂತಿದೆ, ಗೋಪಣ್ಣ ಅದರ ಹತ್ತಿರ ಬಂದ, ನಿಧಾನ ಮಾಡಿದ, ಎಡಕ್ಕೋ ಬಲಕ್ಕೋ — ಈ ಗಾಡಿ ಮಳೆಗಾಲಕ್ಕೆ ಮುಂಚೆ ತನ್ನ ಕಾಲ ಮೇಲೆ ತಾನೇ ನನ್ನ ಹತ್ತಿರ ಬಂದಿತ್ತು, ಖರೆ, ಅದನ್ನೂ ಒಪ್ಪಿಕೊಂಡೇಬಿಡಬೇಕು, ಸೀರೆಗಂಟು ಕಟ್ಟಿಕೊಂಡು ಶಿಗ್ಲಿ, ಲಕ್ಷ್ಮೇಶ್ವರದ ಅಂಗಡಿಗಳಿಗೆ ಹೋಗಿ ಬರುವಾಗ ಏರಿನಲ್ಲಿ ಸ್ವಲ್ಪ ಮುಕ್ಕರಿಸತೈತಿ ನೋಡೋ ಮಹಬೂಬ ಅಂದಿದ್ದ ಗೋಪಣ್ಣ, ಅಷ್ಟೇ, ಕಾರ್ಬೊರೇಟರಿನ ಕಸವೋ ಏನೋ, ಮೊದಲು ಕಿಡಿ ನೋಡೋಣ ಎಂದು ವೈರು ಕಿತ್ತು ಹಿಡಿದವನು ನಾನು, ಕಿಡಿ ಹಾರಿತು, ಹಾರಿತು, ನಿಂತಿತು. ಡಬ್ಬಿ ಖೋಟಾ ಐತಿ ಗೋಪಣ್ಣ, ಕಂಪನೀದ ತಪ್ಪು, ಅಂದೆ. ಗೋಪಣ್ಣ ನಂಬಿದ. ಡಬ್ಬಿ ಗದಗಿನಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ, ಹೆಂಡತಿಯ ತಮ್ಮ ಪುಣೆಯಿಂದ ಮದುವೆಗೆ ಬರುವಾಗ ಒಂದು ತರುವವರೆಗೆ ಮಳೆಗಾಲವಿಡೀ ಗಂಟು ತಲೆಯ ಮೇಲೆ ಹೊತ್ತು ಬಸ್ಸು ಹತ್ತಿದ, ಸೀರೆ ತೊಯಿಸಿಕೊಂಡು ಅಂಗಡಿಕಾರರ ಬಾಯಲ್ಲಿ ಅನ್ನಿಸಿಕೊಂಡ. ಆದರೂ ಹೊಸ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದದ್ದು ಇಲ್ಲಿಗೇ, ಮಾಶಾಕನ ಕಡಿ ಹೋಗು ಅಂತಾರ ಮಂದಿ, ನಿನ್ನ ಕೈ ನೋಡಿದ ಕಣ್ಣಿಗೆ ಮತ್ತೊಬ್ಬರ ಕೈ ಒಗ್ಗೂದಿಲ್ಲೋ, ಅಂದ. ಅಂಥವನಿಗೆ, ಅಯ್ಯೋ ಅಂಥವನಿಗೆ!

ಇವತ್ತು ಹಾಕುವುದೇನಿತ್ತು, ಹಳೆಯದು ಬಿಚ್ಚಿ ಹೊಸದು ಬಿಗಿದು ವೈರು ಚುಚ್ಚಿದರೆ ಆಯಿತು, ಒಂದೇ ಕಿಕ್ಕಿಗೆ ಗಾಡಿ ಎದ್ದಿತು, ಗೋಪಣ್ಣನ ಮುಖ ನೋಡಬೇಕಿತ್ತು, ಅಷ್ಟಕ್ಕೇ ಬಿಟ್ಟಿದ್ದರೆ ಈಗ ಅವನು ಶಿಗ್ಲಿ ದಾರಿಯಲ್ಲಿರುತ್ತಿದ್ದ. ಚಹಾದಂಗಡಿಯ ಹುಚ್ಚಪ್ಪ ಬಾಯಿ ಹಾಕಿದ, ಎರಡು ತಿರುಪು ಬಿಗದಿ, ಎದ್ದಿತು, ಇದರಾಗ ನಿನ್ನ ಕೈಗುಣ ಏನ ಬಂತೋ ಮಹಬೂಬಣ್ಣ, ಇದನ್ನ ನಮ್ಮ ಮನ್ಯಾಗಿನ ಯಮನವ್ವನೂ ಮಾಡತಾಳ. ನಕ್ಕರು. ಗೋಪಣ್ಣನೂ ನಕ್ಕ, ಸಣ್ಣಗೆ. ಆ ನಗು ಎಲ್ಲಿ ತಾಗಿತು ಎಂದು ಯಾರಿಗೆ ಹೇಳುವುದು — ನಿಲ್ರಿ, ಕಿಡಿ ತೋರಸ್ತೇನಿ, ಗೋಪಣ್ಣ, ಹೊಡಿ ಕಿಕ್ಕು! ತಮ್ಮನ ಮಾತು ಕಿವಿಯಲ್ಲೇ ಇತ್ತು, ಇರಲಿಲ್ಲ ಎಂದು ಹೇಳಲಾರೆ, ಇದ್ದದ್ದಕ್ಕೇ ವೈರು ಇನ್ನಷ್ಟು ದೂರ ಹಿಡಿದೆ. ನೀಲಿ ಕಿಡಿ, ಅಪ್ಪನೂ ಕಂಡಿರಲಿಕ್ಕಿಲ್ಲ ಅಂಥದನ್ನು, ಹುಚ್ಚಪ್ಪ ಹೋ ಅಂದ, ಆಮೇಲೆ ಏನೂ ಇಲ್ಲ. ಗೋಪಣ್ಣ ಕಿಕ್ಕು ಹೊಡೆದೇ ಹೊಡೆದ. ಇದೂ ಖೋಟಾ ಐತಿ ಅಂತ ನನ್ನ ಬಾಯಿ ಅಂದಿತು, ನನ್ನದೇ ಬಾಯಿ. ಗೋಪಣ್ಣ ನನ್ನ ಮುಖ ನೋಡಿದ, ವೈರು ನೋಡಿದ, ಮತ್ತೆ ನನ್ನ ಮುಖ. ಇರಲಿ ಬಿಡೋ, ನೀ ಏನ ಮಾಡ್ತಿ, ಅಂದ. ಬೈದಿದ್ದರೆ ಚೆನ್ನಾಗಿತ್ತು, ತಾಯಿ ಹಿಡಿದು ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಎಡಕ್ಕೆ! ಎಡಕ್ಕೇ ಹೊರಳಿದ, ಲಾರಿಯ ಮರೆಗೆ ಹೋದ, ಯಾ ಅಲ್ಲಾ, ಮನೆಗೇ ಹೊರಟಿದ್ದಾನೆ, ನಾಳೆ ನಾನೇ ಹೋಗುತ್ತೇನೆ, ಅವನ ಹೊಸ್ತಿಲಲ್ಲಿ ಕುಳಿತು ಹೇಳುತ್ತೇನೆ, ಎರಡೂ ಡಬ್ಬಿ ಸುಟ್ಟಾಂವ ನಾನ ಗೋಪಣ್ಣ, ಕಾಲು ಹಿಡಿದಾದರೂ — ಲಾರಿಯ ಆಚೆ ಬದಿಯಿಂದ ಈಗ ಹೊರಗೆ ಬರಬೇಕು, ಬಂದು ಓಣಿಯ ಬಾಯಲ್ಲಿ ಕಾಣಬೇಕು, ಎಷ್ಟು ಹೊತ್ತು, ಏಕೆ ಬರಲಿಲ್ಲ, ಚೈನಿನ ಸದ್ದೂ ಇಲ್ಲ. ಮಹಬೂಬಸಾಬ ಬಗ್ಗಿ ನೋಡಿದ. ಲಾರಿಯ ಕೆಳಗೆ, ಅದರ ಗಾಲಿಗಳ ನಡುವೆ, ಮೋಟರ್‌ಸೈಕಲ್ಲಿನ ಎರಡು ಗಾಲಿ, ಪಕ್ಕದಲ್ಲಿ ಧೋತರದ ಅಂಚು, ಎರಡು ಪಾದ. ನಿಂತಿವೆ. ಮುಂದಿನ ಗಾಲಿ ಗದಗಿನ ಕಡೆ ಮುಖ ಮಾಡಿದೆ. ನಾನು ಇಲ್ಲಿಂದ ಸರಿಯಲಿ ಎಂದು ನಿಂತಿದ್ದಾನೆ, ನನ್ನ ಕಣ್ಣೆದುರು ಬಲಕ್ಕೆ ಹೋಗಲು ಅವನಿಗೆ ಮನಸ್ಸು ಬರುತ್ತಿಲ್ಲ, ನಾನು ತಿರುಗಬೇಕು, ಚಹಾ ಕುಡಿಯಲೋ ನಮಾಜಿಗೋ ಹೊರಟವನಂತೆ ಬೆನ್ನು ಮಾಡಬೇಕು, ಇಷ್ಟಾದರೂ ಮಾಡಬೇಕು ಅವನಿಗೆ, ತಿರುಗು, ತಿರುಗು ಮಹಬೂಬ — ಲಾರಿಯ ಕೆಳಗೆ ಎರಡು ಗಾಲಿ, ಎರಡು ಪಾದ, ಒಂದು ಪಾದ ಇನ್ನೊಂದನ್ನು ತಿಕ್ಕಿತು, ಮತ್ತೆ ನಿಂತಿತು, ಎರಡು ಗಾಲಿ, ಎರಡು ಪಾದ