ಗಾಯ ಮಾಯ್ದ ಮೇಲೆ

ಮಗಳ ತೋಳಿನ ಗೀರುಗಳನ್ನು ಮೊದಲ ಸಲ ಕಂಡಾಗ ರಮಾಬಾಯಿಗೆ ಕಲ್ಲು ತಾಗಿ ಆಗುವ ಗೀರುಗಳೇ ನೆನಪಾದವು. ಶಹಾಬಾದಿನ ಫರಸಿ ಕಲ್ಲಿನ ಪಾಲಿಶ್ ಶೆಡ್ಡಿನಲ್ಲಿ ದುಡಿಯುವ ಅವಳ ಕೈಗೆ ಅವು ಹೊಸವಲ್ಲ. ಆದರೆ ಯಶೋಧರಾ ಕಾಲೇಜಿಗೆ ಹೋಗುವವಳು, ಕಲ್ಲು ಮುಟ್ಟಿದವಳಲ್ಲ. ಮೇ ತಿಂಗಳ ಬಿಸಿಲಲ್ಲೂ ತುಂಬುತೋಳಿನ ಅಂಗಿ ಬಿಡುತ್ತಿರಲಿಲ್ಲ.

ಸರ್ಕಾರಿ ದವಾಖಾನೆಯ ಮನೋರೋಗದ ಡಾಕ್ಟರಮ್ಮ ಹುಡುಗಿಯನ್ನೇ ನೇರವಾಗಿ ಕೇಳಿದರು: "ಸಾಯಬೇಕಂತ ಗಾಯ ಮಾಡ್ಕೊಂಡೇನು?"

"ಇಲ್ರಿ. ಒಳಗ ಕುದೀತದ. ಬ್ಯಾರೆ ದಾರಿ ತಿಳಿಯಂಗಿಲ್ರಿ."

"ಇದಕ್ಕ ಗುಳಿಗಿ ಅದಾವೇನ್ರಿ?" ಎಂದಳು ರಮಾಬಾಯಿ.

"ಗಾಯ ಮಾಡ್ಕೊಳ್ಳೋದನ್ನ ನಿಲ್ಲಸೋ ಗುಳಿಗಿ ಅಂತ ಯಾವುದೂ ಇಲ್ಲಮ್ಮ. ಈಕಿಗಿ ಖಿನ್ನತೆ ಅದ, ಗುಳಿಗಿ ಅದಕ್ಕ. ಕೌನ್ಸೆಲಿಂಗಿಗೂ ಬರಬೇಕು. ನಾ ಹೇಳೋತನಕ ಗುಳಿಗಿ ಬಿಡಸಬ್ಯಾಡ್ರಿ."

ರಮಾಬಾಯಿ ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ದಿನಾ ಮುಂಜಾನೆ ಒಂದನ್ನು ನುಂಗಿಸಿ, "ಬಾಯಿ ತೆಗಿ" ಎನ್ನುವಳು. ಆಮೇಲೆ, "ತೋಳು ಏರಸು."

"ನಾ ಏನು ಕಳ್ಳೀನಾ ಯವ್ವಾ?"

"ನಿನಗಿಂತ ಕಳ್ಳೀನ ಚಲೋ. ಏರಸು."

ಗೀರುಗಳು ಮಾಯ್ದವು. ಹೊಸವು ಬರಲಿಲ್ಲ. ಫರಸಿ ಬಿದ್ದು ತನ್ನ ಕಾಲಿಗೆ ಪೆಟ್ಟಾದಾಗ ಗಾಯ ಒಣಗುವ ತನಕ ಗುಳಿಗೆ ನುಂಗಿ ನಿಲ್ಲಿಸಿದ್ದಳು ರಮಾಬಾಯಿ. ಮಗಳ ಗುಳಿಗೆಯನ್ನೂ ಹಾಗೆಯೇ ನಿಲ್ಲಿಸಿದಳು. "ಮಾಯ್ದಾವಲ್ಲ, ಇನ್ಯಾಕ?"

"ಡಾಕ್ಟರಮ್ಮ ಬಿಡಬ್ಯಾಡ ಅಂದಾರ."

"ಅವರು ಹಂಗೇ ಅಂತಾರ. ನಾಕು ಮಂದಿಗಿ ಗೊತ್ತಾದ್ರ ನಿನ್ನ ಯಾರು ಹೆಣ್ಣು ಕೇಳ್ತಾರ?" ದವಾಖಾನೆಗೆ ಹೋಗುವುದೂ ನಿಂತಿತು.

ಕೆಲವು ವಾರಗಳಲ್ಲಿ ಹುಡುಗಿ ನಿದ್ದೆಗೆಟ್ಟಳು. ಊಟದ ತಾಟು ಸರಿಸತೊಡಗಿದಳು. ತೋಳು ಮಾತ್ರ ನುಣ್ಣಗಿತ್ತು. ರಮಾಬಾಯಿ ನೋಡುತ್ತಿದ್ದದ್ದು ಅದನ್ನೊಂದೇ.

ಒಂದು ಮಧ್ಯಾಹ್ನ ಯಶೋಧರಾ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಜೊತೆ ಕೆಲಸದ ಅಂಬುಬಾಯಿ ನಕ್ಕಳು: "ಏನವ್ವಾ, ಕಾಲೇಜ್ ಬಿಟ್ಟು ಫರಸಿ ತಿಕ್ಕಾಕ ಬಂದೇನು?"

ಹುಡುಗಿ ನಗಲಿಲ್ಲ. ತಾಯಿಯ ಹತ್ತಿರ ಬಂದು ಸಣ್ಣಗೆ ಹೇಳಿದಳು: "ಯವ್ವಾ, ಇವತ್ತು ಮತ್ತ ಗಾಯ ಮಾಡ್ಕೋಬೇಕು ಅನಸ್ಲಿಕತ್ತದ."

ಕಲ್ಲಿನ ಕೆಸರು ಮೆತ್ತಿದ ರಮಾಬಾಯಿಯ ಕೈ ಮಗಳ ತೋಳಿನತ್ತ ಹೋಯಿತು.

"ಮಾಡ್ಕೊಂಡಿಲ್ಲ. ಹೇಳಾಕ ಬಂದೀನಿ."

ಕೈ ಅಲ್ಲಿಯೇ ನಿಂತಿತು. ತೋಳು ಏರಿಸಿದರೆ ಈ ಹುಡುಗಿ ಇನ್ನೊಮ್ಮೆ ಹೇಳಲು ಬರುವುದಿಲ್ಲ. ಅಷ್ಟು ರಮಾಬಾಯಿಗೆ ತಿಳಿಯಿತು. ಮಶಿನ್ ಬಂದ್ ಮಾಡಿ ಕೈ ತೊಳೆದುಕೊಂಡಳು.

"ದವಾಖಾನಿಗಿ ಹೋಗಮು, ನಡಿ."

"ಗುಳಿಗಿ ಬಿಟ್ಟಿದ್ದಕ್ಕ ಬೈತಾರ."

"ಬಿಡಿಸಿದಾಕಿ ನಾನು. ನನಗ ಬೈತಾರ. ನಡಿ."